‘ರೀ’ ಇಲ್ಲದ ಭಾಷಾದಾಗ ಮರ್ಯಾದಿಲೆ ಕೇಳೂದು: ನನ್ನ ಅನುಭವ

ನಾ ಗದಗದಾಗ ಸ್ವಂತ ಕಾರ್ ಇಟ್ಕೊಂಡು ಬಾಡಿಗಿ ಹೊಡೀತೀನಿ. ಹುಬ್ಬಳ್ಳಿಗೆ ಬಂದಿಳಿದು ಹಂಪಿ ಕಡೆ ಹೋಗೋ ಫಾರಿನ್ ಮಂದಿ ನಡುವ ಲಕ್ಕುಂಡಿ ನೋಡ್ಬೇಕಂದ್ರ ನಮ್ಮಂಥಾವ್ರಿಗೆ ಫೋನ್ ಬರ್ತೈತಿ. ಇಂಗ್ಲೀಷು ನಾ ಹತ್ತನೇತ್ತಾ ತನಕ ಓದಿದ್ದಷ್ಟ. ಅವ್ರ ಮಾತು ಅಷ್ಟಿಷ್ಟು ತಿಳೀತಿತ್ತು, ಆದ್ರ ನಾ ಬಾಯಿ ತಗದ್ರ ಕೆಲವೊಬ್ರ ಮಾರಿ ಸಣ್ಣದಾಗ್ತಿತ್ತು, ಯಾಕ ಅಂತ ಭಾಳ ದಿವ್ಸ ಗೊತ್ತ ಆಗಿರ್ಲಿಲ್ಲ.

ಗೊತ್ತಾಗಿದ್ದು ಎಸಿ ಸಲುವಾಗಿ. ಇಂಗ್ಲೆಂಡಿನ ಒಬ್ರು ವಯಸ್ಸಾದ ಮೇಡಮ್, ಅಣ್ಣಿಗೇರಿ ದಾಟಿದ್ವಿ, ಹಿಂದಿನ ಸೀಟಿಂದ ‘ವುಡ್ ಯೂ ಮೈಂಡ್ ಟರ್ನಿಂಗ್ ದ ಎಸಿ ಡೌನ್?’ ಅಂದ್ರು. ನಾ ಜೋರಾಗಿ ‘ಎಸ್ ಎಸ್ ಮೇಡಮ್’ ಅಂದೆ. ಅವ್ರು ‘ಓ, ಸಾರಿ’ ಅಂದು ಶಾಲು ಹೊಚ್ಕೊಂಡು ಸುಮ್ನ ಕುಂತ್ರು. ಎಸಿ ಕಮ್ಮಿ ಮಾಡಿದ್ನಲ್ಲೋ ಮಾರಾಯ, ಮತ್ತ ಸಾರಿ ಯಾಕ? ಲಕ್ಕುಂಡಿಯೊಳಗ ಅತ್ತಿಮಬ್ಬಿ 1007ರಾಗ ಕಟ್ಟಿಸಿದ ಬಸದಿ ನೋಡ್ಕೊಂಡು ಬಂದು ಚಾ ಕುಡಿಯೋವಾಗ ಅವ್ರ ನಕ್ಕೋಂತ ಹೇಳಿದ್ರು, ರಿಟೈರ್ಡ್ ಟೀಚರ್ ಅಂತ ಅವ್ರು. ಅಲ್ಲಿ ಮೈಂಡ್ ಅಂದ್ರ ‘ನಿಮಗೇನರ ತ್ರಾಸ ಆಕ್ಕೈತೇನ್ರಿ’ ಅಂದಂಗ, ಅದಕ್ಕ ಎಸ್ ಅಂದ್ರ ಹೌದು ತ್ರಾಸ ಆಕ್ಕೈತಿ ಅಂತ ಆತು. ‘ನೋ, ನಾಟ್ ಅಟ್ ಆಲ್’ ಅಂದು ಕೆಲ್ಸ ಮಾಡಿಕೊಡ್ಬೇಕಂತ. ಅಯ್ಯ, ಇದು ನಮ್ದ ಮಾತಲ್ಲೇನು! ಬಸ್ಸಿನ್ಯಾಗ ಯಾರರ ‘ಸ್ವಲ್ಪ ಸರೀತೀರೇನ್ರಿ, ತ್ರಾಸ ಇಲ್ಲಲ್ರೀ’ ಅಂದ್ರ ನಾವು ‘ಏ ಇಲ್ರೀ, ಕುಂದರ್ರಿ’ ಅಂತೀವಿ, ಹೂಂ ತ್ರಾಸ ಐತಿ ಅಂತೀವೇನು?

ಅವತ್ತಿಂದ ನಾ ನಮ್ಮ ಮಾತು ಅವ್ರ ಮಾತು ಜೋಡಿಸಿ ನೋಡಾಕ ಸುರು ಮಾಡಿದೆ. ನಮ್ಮ ಕಡೆ ಮರ್ಯಾದಿ ಎಲ್ಲಾ ಮಾತಿನ ಬಾಲದಾಗ ಇರ್ತೈತಿ, ಬಾ ಬ್ಯಾರೆ ಬರ್ರಿ ಬ್ಯಾರೆ. ‘ರೊಕ್ಕ ಕೊಡ್ರಿ’ ಅಂದ್ರ ಯಾರೂ ಸಿಟ್ಟಾಗಂಗಿಲ್ಲ, ದಯವಿಟ್ಟು ಅನ್ನೂದು ಬೋರ್ಡಿನ ಮ್ಯಾಲೆ ಬರಿಯಾಕಷ್ಟ. ಇಂಗ್ಲೀಷಿನ್ಯಾಗ ಸಣ್ಣ ಹುಡುಗಗೂ ಯೂ, ಮುತ್ಯಾಗೂ ಯೂ, ಗಿವ್ ಅನ್ನೂದಕ್ಕ ಬಾಲಾನ ಇಲ್ಲ. ನಾ ರೀ ಬದ್ಲಿ ಸರ್ ಹಚ್ತಿದ್ದೆ. ಗಿವ್ ಬ್ಯಾಲೆನ್ಸ್ ಸರ್, ಕಮ್ ಫಾಸ್ಟ್ ಸರ್, ಮುಂದ ಒಂದು ಪ್ಲೀಸ್ ಬ್ಯಾರೆ. ಹತ್ತು ಸರ್ ಹಾಕಿದ್ರೂ ಹುಕುಂ ಹುಕುಂನ. ಅಲ್ಲಿ ರೀ ಕೆಲ್ಸ ಮಾಡೋದು ಕುಡ್ ಮತ್ತ ವುಡ್, ಅದೂ ಪ್ರಶ್ನಿ ಮಾಡಿ ಕೇಳಿದ್ರ: ‘ಕುಡ್ ಯೂ ಪೇ ದ ಬ್ಯಾಲೆನ್ಸ್ ಟುಡೇ, ಪ್ಲೀಸ್?’ ಸಾಲ್ಯಾಗ ಕ್ಯಾನ್‌ದ ಪಾಸ್ಟ್ ಟೆನ್ಸ್ ಕುಡ್ ಅಂತ ಬಾಯಿಪಾಠ ಮಾಡ್ಸಿದ್ರು, ಅದು ಖರೆ, ಆದ್ರ ಇಲ್ಲಿ ಅದಕ್ಕೂ ನಿನ್ನಿಗೂ ಸಂಬಂಧ ಇಲ್ಲ, ಒಂದ್ ಹೆಜ್ಜಿ ಹಿಂದ ಸರದು ನಿಂತು ಕೇಳಿದಂಗ ಅಷ್ಟ. ಚಾಕ್ಕ ನಿಲ್ಸೋದಿದ್ರೂ ‘ವುಡ್ ಯೂ ಮೈಂಡ್ ಇಫ್ ಐ ಸ್ಟಾಪ್ಡ್ ಫಾರ್ ಟೀ?’, ಗಾಡಿ ಇನ್ನೂ ನಿಲ್ಸಿರಂಗಿಲ್ಲ ಆದ್ರೂ ಸ್ಟಾಪ್ಡ್.

ಇನ್ನ ಯಾರರ ಕುಡ್ ಯೂ ಅಂದ್ರ ‘ಎಸ್ ಐ ಕುಡ್’ ಅನ್ಬಾರ್ದು, ‘ಶೂರ್’ ಅಥ್ವಾ ‘ಆಫ್ ಕೋರ್ಸ್’ ಅಂದು ಎದ್ದುಬಿಡ್ಬೇಕು. ಒಬ್ರು ‘ಕುಡ್ ಯೂ ಓಪನ್ ದ ಬೂಟ್’ ಅಂದಾಗ ನಾ ನನ್ನ ಕಾಲ್ ನೋಡ್ಕೊಂಡಿದ್ದೆ. ನಮ್ಮ ಡಿಕ್ಕಿ ಅವ್ರಿಗೆ ಬೂಟ್.

ಫೋನಿನ್ಯಾಗ ಭಾಳ ಕಷ್ಟ. ಹುಬ್ಬಳ್ಳಿ ಸ್ಟೇಷನ್‌ದು 1507 ಮೀಟರ್ ಪ್ಲಾಟ್‌ಫಾರ್ಮ್, ಗಿರಾಕಿ ಯಾವ ತುದೀಗೆ ಇಳದಾರೋ ದೇವರಿಗೇ ಗೊತ್ತು. ಮೊದ್ಲು ‘ವೇರ್ ಯೂ? ಕಮ್ ಔಟ್‌ಸೈಡ್’ ಅಂತ ಒದರ್ತಿದ್ದೆ. ಆಮ್ಯಾಲೆ ‘ಕುಡ್ ಯೂ ಟೆಲ್ ಮಿ ವೇರ್ ಆರ್ ಯೂ’ ಅನ್ನಾಕತ್ತೆ, ಪಿಯುಸಿ ಓದೋ ಮಗಳು ಕೇಳಿಸ್ಕೊಂಡು ‘ಅಪ್ಪಾ, ಪ್ರಶ್ನಿ ಒಂದ ಸಲ ಕೇಳಿದ್ರ ಸಾಕು, ವೇರ್ ಯೂ ಆರ್ ಅನ್ನು’ ಅಂದ್ಲು. ರಾತ್ರಿ ಊಟಕ್ಕ ಕುಂತು ‘ಕುಡ್ ಯೂ ಪಾಸ್ ದ ರೊಟ್ಟಿ’ ಅಂತ ಪ್ರ್ಯಾಕ್ಟೀಸ್ ಮಾಡಿದ್ರ ನಮ್ಮನೀಯಾಕಿ ‘ಕೈಗೆ ಸಿಗೂವಂಗ ಐತಲ್ರೀ, ತಗೋರಿ’ ಅಂತಾಳ.

ಇಲ್ಲ ಅನ್ನೂದು ಎಲ್ಲಾದಕ್ಕಿಂತ ತಡಾ ಆಗಿ ಕಲ್ತೆ. ಹಂಪಿಯಿಂದ ವಾಪಸ್ ಬರೋವಾಗ ಗಂಡ ಹೆಂಡ್ತಿ ಇಬ್ರು ಡಂಬಳದ ದೊಡ್ಡಬಸಪ್ಪ ಗುಡಿ ನೋಡೋಣಂದ್ರು, ಹುಬ್ಬಳ್ಳ್ಯಾಗ ಅವ್ರ ರೈಲಿಗೆ ಟೈಮ್ ಇರ್ಲಿಲ್ಲ, ನಾ ‘ಐ ವಿಲ್ ಟ್ರೈ’ ಅಂದೆ. ನಾವು ‘ನೋಡೂಣ್ರಿ’ ಅಂದ್ರ ಕೇಳಿದವ್ರಿಗೆ ತಿಳೀತೈತಿ ಆಗಂಗಿಲ್ಲ ಅಂತ. ಅವ್ರು ಪಾಪ ಕ್ಯಾಮೆರಾ ತೊಡಿ ಮ್ಯಾಲೆ ಇಟ್ಕೊಂಡು ಗದಗ ಬರೂತನಕಾ ಕಾದ್ರು, ಆಮ್ಯಾಲೆ ಮಾತ ಬಂದ್. ಈಗ ಮೊದ್ಲ ಹೇಳಿಬಿಡ್ತೀನಿ: ‘ಐ ಆಮ್ ಅಫ್ರೇಡ್ ವಿ ಡೋಂಟ್ ಹ್ಯಾವ್ ಟೈಮ್ ಫಾರ್ ಡಂಬಳ, ಬಟ್ ವಿ ಕುಡ್ ಸ್ಟಾಪ್ ಅಟ್ ಲಕ್ಕುಂಡಿ.’ ಅಫ್ರೇಡ್ ಅಂದ್ರ ಇಲ್ಲಿ ಹೆದ್ರಿಕಿ ಅಲ್ಲ, ನಮ್ಮ ‘ಬ್ಯಾಸರ ಮಾಡ್ಕೋಬ್ಯಾಡ್ರಿ’ ಇದ್ದಂಗ. ಲಕ್ಕುಂಡಿ ಹೆಂಗೂ ಹೈವೇಕ್ಕ ಹತ್ತೇ ಐತಿ. ಹಿಂಗಂದ್ರ ಗಿರಾಕಿ ‘ನೋ ಪ್ರಾಬ್ಲಮ್’ ಅಂದು ಹಿಂದ ನಿದ್ದಿ ಹೊಡೀತಾರ, ನಾ ಮುಂದ ಗಾಡಿ ಹೊಡೀತೀನಿ.