ಹಳೆಯ ಲ್ಯಾಪ್‌ಟಾಪ್‌ನಲ್ಲಿ ಎರಡು ಆಟಗಳನ್ನು ಓಡಿಸಿದ ಬಗೆ

ನನ್ನ ಲ್ಯಾಪ್‌ಟಾಪ್ 2011ರ ಪೀಳಿಗೆಯದು. ಸ್ಯಾಂಡಿ ಬ್ರಿಡ್ಜ್ ಕೋರ್ ಐ5 ಪ್ರೊಸೆಸರ್, ಅದರೊಳಗೇ ಇರುವ ಎಚ್‌ಡಿ ಗ್ರಾಫಿಕ್ಸ್ 3000, 8 ಜಿಬಿ ರ್‍ಯಾಮ್. ಅದರ ಮೇಲೆ ಡೆಬಿಯನ್ 12 ಎಂಬ ಲಿನಕ್ಸ್ ಕಾರ್ಯಾಚರಣಾ ವ್ಯವಸ್ಥೆ. ಬರವಣಿಗೆಗೂ ಬ್ರೌಸಿಂಗ್‌ಗೂ ಇಂದಿಗೂ ತಕರಾರಿಲ್ಲದೆ ನಡೆಯುವ ಈ ಯಂತ್ರ, ಒಬ್ಬಿಬ್ಬರೇ ಕೂತು ಮಾಡಿದ ಚಿಕ್ಕ ಆಟಗಳ ಮುಂದೆ ಮಾತ್ರ ಮೊಂಡು ಹಿಡಿಯುತ್ತಿತ್ತು.

ಮೊದಲನೆಯದು ಆಟ ತಯಾರಿಸಲು ಬಳಸುವ ಗೊಡೋ 4 ಎಂಬ ಎಂಜಿನ್‌ನಲ್ಲಿ ಮಾಡಿದ, ಮಂಜು ಮುಸುಕಿದ ಕಾಡಿನಲ್ಲಿ ಅಲೆದಾಡುವ ಆಟ. ಅದು ತೆರೆದುಕೊಳ್ಳುತ್ತಿತ್ತು, ಆದರೆ ಸೆಕೆಂಡಿಗೆ ಎರಡು ಮೂರು ಫ್ರೇಮ್‌ಗಿಂತ ಹೆಚ್ಚು ಬರುತ್ತಿರಲಿಲ್ಲ. ರಜೆಗೆ ಬಂದಿದ್ದ ಅಕ್ಕನ ಮಗ ಸ್ವಲ್ಪ ಹೊತ್ತು ನೋಡಿ, "ಮಾವ, ಇದು ಆಟ ಅಲ್ಲ, ಫೋಟೋ ಆಲ್ಬಮ್" ಎಂದು ಎದ್ದುಹೋದ. ರೆಸಲ್ಯೂಶನ್ ಇಳಿಸಿದೆ, ಬ್ರೌಸರ್ ಮುಚ್ಚಿದೆ, ಡೆಸ್ಕ್‌ಟಾಪ್‌ನ ಅಲಂಕಾರಗಳನ್ನೆಲ್ಲ ಆರಿಸಿದೆ. ಒಂದು ಸಂಜೆ ಹೀಗೆಯೇ ದಂಡವಾಯಿತು.

ಮರುದಿನ ಅದೇ ಆಟವನ್ನು ಐಕಾನ್ ಒತ್ತುವ ಬದಲು, ಆಜ್ಞೆ ಬರೆಯುವ ಟರ್ಮಿನಲ್‌ನಿಂದ ಶುರುಮಾಡಿದಾಗ, ಮೊದಲ ಕೆಲವು ಸಾಲುಗಳಲ್ಲೇ ಉತ್ತರ ಸಿಕ್ಕಿತು. ಬಳಕೆಯಲ್ಲಿರುವ ಗ್ರಾಫಿಕ್ಸ್ ಸಾಧನದ ಹೆಸರಿನ ಜಾಗದಲ್ಲಿ ಇಂಟೆಲ್ ಎಂದಿರಲಿಲ್ಲ, ಎಲ್‌ಎಲ್‌ವಿಎಂಪೈಪ್ ಎಂದಿತ್ತು. ಆಟಗಳು ಗ್ರಾಫಿಕ್ಸ್ ಚಿಪ್‌ನಿಂದ ಚಿತ್ರ ಬಿಡಿಸಿಕೊಳ್ಳುವ ಹೊಸ ವಿಧಾನವಾದ ವಲ್ಕನ್ ನನ್ನ ಚಿಪ್‌ಗೆ ಬರುವುದಿಲ್ಲ. ಲಿನಕ್ಸ್‌ನ ಮೆಸಾ ಎಂಬ ಗ್ರಾಫಿಕ್ಸ್ ಡ್ರೈವರ್ ಅದಕ್ಕೆ ಕೊಡುವುದು ಹಳೆಯ ವಿಧಾನವಾದ ಓಪನ್‌ಜಿಎಲ್ 3.3 ಮಾತ್ರ. ಆದರೆ ಡೆಬಿಯನ್‌ನ ಮೆಸಾ ವಲ್ಕನ್ ಪ್ಯಾಕೇಜಿನ ಒಳಗೆ, ಚಿಪ್ಪಿನ ನೆರವಿಲ್ಲದೆ ಎಲ್ಲವನ್ನೂ ಪ್ರೊಸೆಸರ್‌ನಿಂದಲೇ ಬಿಡಿಸುವ ಲಾವಾಪೈಪ್ ಎಂಬ ಡ್ರೈವರ್ ಕೂಡ ಇರುತ್ತದೆ. ಎಲ್‌ಎಲ್‌ವಿಎಂಪೈಪ್ ಎಂಬ ಹೆಸರು ತೋರಿಸಿದ್ದು ಇದೇ. ವಲ್ಕನ್ ಇದೆಯೇ ಎಂದು ಆಟ ಕೇಳಿದಾಗ ಇದು ಇದೆ ಎಂದು ಕೈಯೆತ್ತಿದೆ. ಅಲ್ಲಿಂದ ಮುಂದೆ ಬಡಪಾಯಿ ಪ್ರೊಸೆಸರ್ ಕಾಡಿನ ಒಂದೊಂದು ಎಲೆಯನ್ನೂ ತಾನೇ ಬಿಡಿಸುತ್ತ ಕೂತಿದೆ. ಆ ಡ್ರೈವರ್ ಇಲ್ಲದಿದ್ದರೆ ಆಟ ದೋಷ ಸಂದೇಶ ತೋರಿಸಿ ಮುಚ್ಚಿಕೊಳ್ಳುತ್ತಿತ್ತು, ನನ್ನ ಸಂಜೆಯೂ ಉಳಿಯುತ್ತಿತ್ತು.

ಪರಿಹಾರ ಒಂದೇ ಸಾಲಿನದು. ಆಟದ ಫೈಲಿನ ಹೆಸರು ಬರೆದ ಮೇಲೆ, ಎರಡು ಅಡ್ಡಗೆರೆ ಹಾಕಿ ರೆಂಡರಿಂಗ್-ಡ್ರೈವರ್ ಎಂದೂ, ಒಂದು ಜಾಗ ಬಿಟ್ಟು ಓಪನ್‌ಜಿಎಲ್3 ಎಂದೂ ಇಂಗ್ಲಿಷ್ ಅಕ್ಷರಗಳಲ್ಲಿ ಬರೆದೆ. ಆಟ ಸುಮಾರು 30 ಫ್ರೇಮ್‌ಗೆ ಏರಿತು. ಆದರೆ ಮಂಜು ಮಾಯವಾಯಿತು, ಏಕೆಂದರೆ ಗೊಡೋದ ವಾಲ್ಯೂಮೆಟ್ರಿಕ್ ಮಂಜು ಫಾರ್ವರ್ಡ್ ಪ್ಲಸ್ ಎಂಬ ವಲ್ಕನ್ ವಿಧಾನದಲ್ಲಷ್ಟೇ ಕೆಲಸ ಮಾಡುತ್ತದೆ. ಮಂಜಿಲ್ಲದ ಕಾಡು ಸ್ವಲ್ಪ ಬೋಳುಬೋಳಾಗಿ ಕಂಡಿತಾದರೂ ಅಕ್ಕನ ಮಗನಿಗೆ ಅದರಿಂದ ಏನೂ ಕೊರತೆಯಾಗಲಿಲ್ಲ. ಮೆಸಾದ ಓಪನ್‌ಜಿಎಲ್ ಆವೃತ್ತಿಯನ್ನು ಸುಳ್ಳೇ ಹೆಚ್ಚಿಸಿ ಹೇಳುವ ಉಪಾಯವನ್ನು ಹಲವರು ಸೂಚಿಸುವುದುಂಟು. ಅದು ಆಟಕ್ಕೆ ಹೇಳುವ ಸಂಖ್ಯೆಯನ್ನು ಬದಲಿಸುತ್ತದೆಯೇ ಹೊರತು ಚಿಪ್ಪಿಗೆ ಹೊಸ ಶಕ್ತಿ ಕೊಡುವುದಿಲ್ಲವಾದ್ದರಿಂದ ನಾನು ಅದರ ತಂಟೆಗೆ ಹೋಗಲಿಲ್ಲ.

ಎರಡನೆಯದು ಸುಮಾರು ಹತ್ತು ವರ್ಷ ಹಳೆಯ ಟು-ಡಿ ಆಟ. ಓಡಿಸಿದರೆ "ಅಂಥ ಫೈಲ್ ಇಲ್ಲ" ಎಂಬ ಉತ್ತರ, ಫೈಲ್ ಮಾತ್ರ ಕಣ್ಣೆದುರಿಗೇ ಇದೆ! ಇಲ್ಲದಿರುವುದು ಆಟದ ಫೈಲಲ್ಲ, 32 ಬಿಟ್ ಪ್ರೋಗ್ರಾಮುಗಳನ್ನು ಮೆಮೊರಿಗೆ ತರುವ ಲೋಡರ್ ಎಂಬ ಫೈಲು. 'ಫೈಲ್' ಎಂಬ ಆಜ್ಞೆಯಿಂದ ಆಟ 32 ಬಿಟ್‌ನದೆಂದು ಖಚಿತಪಡಿಸಿಕೊಂಡು, ಡೆಬಿಯನ್‌ನ ಪ್ಯಾಕೇಜ್ ನಿರ್ವಾಹಕ ಡಿಪಿಕೆಜಿಯಲ್ಲಿ ಐ386 (ಅಂದರೆ 32 ಬಿಟ್) ಆರ್ಕಿಟೆಕ್ಚರ್ ಸೇರಿಸಿ, ಪ್ರೋಗ್ರಾಮುಗಳು ಹಂಚಿಕೊಂಡು ಬಳಸುವ ಸಿ ಲೈಬ್ರರಿ ಮತ್ತು ಮೆಸಾ ಡ್ರೈವರ್‌ಗಳ 32 ಬಿಟ್ ಪ್ರತಿಗಳನ್ನು ಹಾಕಿಕೊಂಡೆ. ಆಗ ಹಳೆಯ ದೂರು ಹೋಗಿ ಹೊಸದು ಬಂತು: ಗ್ರಾಫಿಕ್ಸ್ ಡ್ರೈವರ್ ಲೋಡ್ ಆಗುತ್ತಿಲ್ಲ. ಆಟದ ಫೋಲ್ಡರಿನಲ್ಲೇ ಅದರ ಕರ್ತೃಗಳು ಆ ಕಾಲದ ಸಿ++ ಲೈಬ್ರರಿಯ ಪ್ರತಿಯೊಂದನ್ನು ಇಟ್ಟುಕಳಿಸಿದ್ದರು. ಆಟ ಅದನ್ನೇ ಮೊದಲು ಎತ್ತಿಕೊಳ್ಳುತ್ತಿತ್ತು, ಇಂದಿನ ಮೆಸಾಗೆ ಬೇಕಾದ ಹೊಸ ಆವೃತ್ತಿ ಅದರಲ್ಲಿರಲಿಲ್ಲ. ಆ ಫೈಲನ್ನು ಅಳಿಸದೆ ಹೆಸರು ಬದಲಿಸಿಟ್ಟೆ. ಆಟ ಸಿಸ್ಟಂನ ಲೈಬ್ರರಿಯನ್ನು ಹಿಡಿದು ತೆರೆದುಕೊಂಡಿತು.

ಸದ್ದು ಮಾತ್ರ ಬರಲಿಲ್ಲ. ಯಾವ ಲೈಬ್ರರಿ ಸಿಗುತ್ತಿಲ್ಲವೆಂದು ಹೇಳುವ ಎಲ್‌ಡಿಡಿ ಎಲ್ಲವೂ ಸರಿಯಿದೆ ಎಂದಿತು, ಏಕೆಂದರೆ ಧ್ವನಿಯ ಲೈಬ್ರರಿಯನ್ನು ಆಟ ಹುಡುಕುವುದು ತಾನು ಶುರುವಾದ ಮೇಲೆ. ಹಾಗಾಗಿ ಆ ಪಟ್ಟಿಯಲ್ಲಿ ಅದರ ಹೆಸರೇ ಇರುವುದಿಲ್ಲ. ಪಲ್ಸ್‌ಆಡಿಯೋ ಲೈಬ್ರರಿಯ 32 ಬಿಟ್ ಪ್ರತಿ ಹಾಕಿದ ಮೇಲೆ ಸಂಗೀತ ಕೇಳಿಸಿತು, ಅದೂ ರಾತ್ರಿ ಹನ್ನೊಂದಕ್ಕೆ, ಪೂರ್ತಿ ವಾಲ್ಯೂಮ್‌ನಲ್ಲಿ.