ಬಯಲಲ್ಲಿ ಮಲಗುವವರಿಗೆ ಉಲ್ಲನ್ ಟೊಪ್ಪಿಗೆ: ಹೆಣೆಯುವ ಬಗೆ

ಬಿಸಿಲಿಗೆ ಹೆಸರಾದ ನಮ್ಮ ಭಾಗಕ್ಕೆ ಚಳಿಗಾಲವೇ ಇಲ್ಲವೆಂದು ಹೊರಗಿನವರು ತಿಳಿದಿರುತ್ತಾರೆ. ಸಮುದ್ರಮಟ್ಟದಿಂದ 2,000 ಅಡಿಗೂ ಎತ್ತರದ ಪ್ರಸ್ಥಭೂಮಿಯ ಮೇಲಿರುವ ಬೀದರ್‌ನಲ್ಲಿ ಡಿಸೆಂಬರ್‌ನ ಒಂದು ರಾತ್ರಿ ಕಳೆದವರು ಹಾಗೆ ಹೇಳಲಾರರು. ಮೋಡವಿಲ್ಲದ ಒಣ ಹವೆಯಲ್ಲಿ ನೆಲ ಹಗಲೆಲ್ಲ ಹೀರಿದ ಶಾಖವನ್ನು ಕತ್ತಲಾಗುತ್ತಲೇ ಬಿಟ್ಟುಕೊಡುತ್ತದೆ. ಬೆಳಗಿನ ಜಾವದ ಉಷ್ಣಾಂಶ 10 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿಯುವುದು ಇಲ್ಲಿ ಹೊಸದೇನಲ್ಲ. ಬಸ್ ನಿಲ್ದಾಣದ ಕಟ್ಟೆ, ರೈಲು ನಿಲ್ದಾಣದ ಹೊರಗೋಡೆ, ಮುಚ್ಚಿದ ಅಂಗಡಿಗಳ ಮೆಟ್ಟಿಲು ಇವುಗಳನ್ನೇ ಹಾಸಿಗೆ ಮಾಡಿಕೊಂಡವರಿಗೆ ಆ ಹೊತ್ತು ಬಲು ಕಠಿಣ. ಅವರಿಗಾಗಿ ಏನಾದರೂ ಹೆಣೆಯಬೇಕೆಂದುಕೊಂಡವರು ಎಳ್ಳ ಅಮಾವಾಸ್ಯೆಗೆ ಮೊದಲೇ ಕೊಡುವಂತೆ ದಸರೆಯ ಹೊತ್ತಿಗೆ ಸೂಜಿ ಹಿಡಿಯುವುದು ಒಳ್ಳೆಯದು.

ಹೆಣಿಗೆ ಬಲ್ಲವರ ಮನಸ್ಸು ಮೊದಲು ಸ್ವೆಟರ್ ಕಡೆಗೇ ಹೋಗುತ್ತದೆ. ನನ್ನ ಸಲಹೆ ಬೇರೆ. ತೊಡುವವರ ಅಳತೆ ನಮಗೆ ಗೊತ್ತಿರುವುದಿಲ್ಲ, ಒಂದು ಸ್ವೆಟರ್‌ಗೆ ಬೇಕಾಗುವ ಅರ್ಧ ಕಿಲೋ ನೂಲಿನಲ್ಲಿ ಐದು ಟೊಪ್ಪಿಗೆಗಳಾಗುತ್ತವೆ, ಮೇಲಾಗಿ ಸ್ವೆಟರ್ ಮುಗಿಯುವಷ್ಟರಲ್ಲಿ ಚಳಿ ಶಿವರಾತ್ರಿಯ ದಾರಿ ಹಿಡಿದಿರುತ್ತದೆ. ಮೈಯ ಶಾಖದ ಬಹುಪಾಲು ತಲೆಯಿಂದಲೇ ಹೋಗುತ್ತದೆಂಬ ಮಾತು ನಿಜವಲ್ಲ. ತಲೆಯ ಪಾಲು ಹತ್ತರಲ್ಲಿ ಒಂದರ ಆಸುಪಾಸು. ಆದರೆ ಕಂಬಳಿಯನ್ನೋ ಕೌದಿಯನ್ನೋ ಹೊದ್ದು ಮಲಗಿದವರಲ್ಲಿ ಗಾಳಿಗೆ ತೆರೆದು ಉಳಿಯುವುದು ತಲೆ ಮತ್ತು ಕಿವಿ, ಹಗಲಲ್ಲಿ ದುಡಿಯುವಾಗ ತೆರೆದಿರುವುದು ಕೈ. ಆದ್ದರಿಂದ ಇಲ್ಲಿ ವಿವರಿಸುವುದು ಕಿವಿ ಮುಚ್ಚುವ ಟೊಪ್ಪಿಗೆ ಮತ್ತು ಬೆರಳು ತೆರೆದ ಕೈಗವಸು, ಇವೆರಡನ್ನೇ.

ನೂಲಿನ ಆಯ್ಕೆ

ಅಂಗಡಿಯಲ್ಲಿ ಉಲ್ಲನ್ ಎಂದು ಕೊಡುವ ಉಂಡೆಗಳಲ್ಲಿ ಹೆಚ್ಚಿನವು ಅಕ್ರಿಲಿಕ್, ಅಂದರೆ ಕೃತಕ ನೂಲು. ಅದು ಅಗ್ಗ, ಯಾವ ಸೋಪಿಗೂ ಜಗ್ಗದು, ಬೇಗ ಒಣಗುತ್ತದೆ. ಸಾರ್ವಜನಿಕ ನಲ್ಲಿಯ ಬಳಿ ಬಟ್ಟೆ ಒಗೆದು ಗೋಡೆಯ ಮೇಲೆ ಹರವುವವರಿಗೆ ಇದು ದೊಡ್ಡ ಅನುಕೂಲ. ಕುರಿಯ ಉಣ್ಣೆ ತನ್ನ ತೂಕದ ಮೂರನೇ ಒಂದು ಭಾಗದಷ್ಟು ತೇವವನ್ನು ಹೀರಿಕೊಂಡೂ ಬೆಚ್ಚಗಿರುತ್ತದೆ, ಆದರೆ ಬಿಸಿನೀರಿನಲ್ಲಿ ತಿಕ್ಕಿದರೆ ಕುಗ್ಗಿ ಗಟ್ಟಿಯಾಗುತ್ತದೆ. ನಾನು ಮೊದಲ ವರ್ಷ ಅಕ್ಕರೆಯಿಂದ ಶುದ್ಧ ಉಣ್ಣೆಯಲ್ಲಿ ಹೆಣೆದ ಟೊಪ್ಪಿಗೆಯೊಂದು ಎರಡೇ ಒಗೆತಕ್ಕೆ ಕೂಸಿನ ಕುಲಾವಿಯಷ್ಟಾಗಿತ್ತು.

ಇಷ್ಟರಿಂದಲೇ ಅಕ್ರಿಲಿಕ್ ಗೆದ್ದಿತೆಂದು ಹೇಳುವಂತಿಲ್ಲ, ಏಕೆಂದರೆ ಬಯಲಲ್ಲಿ ಮಲಗುವವರು ಬೆಂಕಿ ಕಾಯಿಸುತ್ತಾರೆ. ಬೆಂಕಿ ತಗುಲಿದರೆ ಅಕ್ರಿಲಿಕ್ ಕರಗಿ ಚರ್ಮಕ್ಕೆ ಅಂಟಿಕೊಳ್ಳುತ್ತದೆ. ಉಣ್ಣೆ ಸುಲಭವಾಗಿ ಹೊತ್ತಿಕೊಳ್ಳುವುದಿಲ್ಲ, ಹೊತ್ತಿದರೂ ಕಿಡಿ ದೂರವಾದೊಡನೆ ಆರಿಹೋಗುತ್ತದೆ. ಹೀಗಾಗಿ ನಾನು ಮೇಲಿಂದ ಮೇಲೆ ಒಗೆಯಬೇಕಾದ ಟೊಪ್ಪಿಗೆಯನ್ನು ಅಕ್ರಿಲಿಕ್‌ನಲ್ಲಿ, ಬೆಂಕಿಯ ಮುಂದೆ ಚಾಚುವ ಕೈಯ ಗವಸನ್ನು ಉಣ್ಣೆಯಲ್ಲಿ ಹೆಣೆಯುತ್ತೇನೆ. ಮನೆಯಲ್ಲಿ ಉಳಿದ ನೂಲು ಯಾವುದೆಂದು ತಿಳಿಯದಿದ್ದರೆ ಒಂದು ಎಳೆಯನ್ನು ಚಿಮುಟದಲ್ಲಿ ಹಿಡಿದು ಸುಟ್ಟು ನೋಡಬಹುದು. ಉಣ್ಣೆಯಾದರೆ ಕೂದಲು ಸುಟ್ಟ ವಾಸನೆ ಬಂದು, ಉಳಿದ ಕರಿ ಬೆರಳಿಗೆ ಪುಡಿಯಾಗುತ್ತದೆ. ಅಕ್ರಿಲಿಕ್ ಆದರೆ ಆರಿದ ಮೇಲೆ ಗಟ್ಟಿ ಮಣಿಯಂತೆ ಉಳಿಯುತ್ತದೆ.

ಬಣ್ಣ ಕೊಳೆ ಕಾಣದಂಥದ್ದಿರಲಿ: ಕಂದು, ಬೂದು, ಗಾಢ ನೀಲಿ. ಪೂರ್ತಿ ಕಪ್ಪು ಬೇಡ. ರಸ್ತೆಯ ಅಂಚಿನಲ್ಲಿ ಮಲಗುವವರು, ನಸುಕಿನಲ್ಲೇ ಎದ್ದು ನಡೆಯುವವರು ವಾಹನದ ಬೆಳಕಿಗೆ ಕಾಣಿಸಬೇಕು. ಮಡಿಕೆ ಬರುವ ಭಾಗದಲ್ಲಿ ನಾಲ್ಕು ಸಾಲು ಹಳದಿ ನೂಲು ಸೇರಿಸಿದರೆ ಅಷ್ಟಕ್ಕೆ ಸಾಕು.

ಟೊಪ್ಪಿಗೆ

ಮಧ್ಯಮ ದಪ್ಪದ ನೂಲು ಸುಮಾರು 100 ಗ್ರಾಂ, 8ನೇ ನಂಬರಿನ, ಅಂದರೆ 4 ಮಿಲಿಮೀಟರ್ ದಪ್ಪದ ಒಂದು ಜೊತೆ ಸೂಜಿ, ಹೊಲಿಯಲು ದೊಡ್ಡ ಕಣ್ಣಿನ ಒಂದು ದಬ್ಬಣ, ಇಷ್ಟು ಬೇಕು. ಮೊದಲು 22 ಕುಣಿಕೆ ಏರಿಸಿ, ಒಂದು ಸಾಲು ಸೀದಾ (ನೂಲನ್ನು ಸೂಜಿಯ ಹಿಂದಿಟ್ಟು ಹೆಣೆಯುವುದು) ಒಂದು ಸಾಲು ಉಲ್ಟಾ (ನೂಲನ್ನು ಮುಂದಿಟ್ಟು ಹೆಣೆಯುವುದು) ಎಂಬಂತೆ ಅಂಗೈಯಷ್ಟು ತುಂಡು ಹೆಣೆದು ಅಗಲ ಅಳೆಯಬೇಕು. ಅದು 10 ಸೆಂಟಿಮೀಟರ್ ಬಂದರೆ ಕೆಳಗಿನ ಲೆಕ್ಕ ಹಾಗೆಯೇ ಹೊಂದುತ್ತದೆ. ಹೆಚ್ಚಾದರೆ ನಿಮ್ಮ ಕೈ ಸಡಿಲವೆಂದು ತಿಳಿದು ಒಂದು ನಂಬರ್ ಸಣ್ಣ ಸೂಜಿಯನ್ನೂ, ಕಡಿಮೆಯಾದರೆ ಒಂದು ನಂಬರ್ ದಪ್ಪ ಸೂಜಿಯನ್ನೂ ಹಿಡಿಯಬೇಕು. ಈ ಅರ್ಧ ಗಂಟೆಯನ್ನು ಉಳಿಸಲು ಹೋದವರು ಮುಂದೆ ಎರಡು ದಿನದ ಕೆಲಸ ಬಿಚ್ಚುವುದನ್ನು ನೋಡಿದ್ದೇನೆ.

ಎರಡೂ ಸೂಜಿಗಳನ್ನು ಜೋಡಿಸಿ ಹಿಡಿದು ಅವುಗಳ ಮೇಲೆ 106 ಕುಣಿಕೆ ಏರಿಸಿ, ಆಮೇಲೆ ಒಂದನ್ನು ಎಳೆದುಬಿಡಿ. ಅಂಚು ಸಡಿಲವಾಗಿ ಬಂದು ಹಣೆಯನ್ನು ಬಿಗಿಯುವುದಿಲ್ಲ. ಮೊದಲ ಸಾಲಿನಲ್ಲಿ ಎರಡು ಸೀದಾ, ಎರಡು ಉಲ್ಟಾ ಎಂದು ಸಾಗಿ ಎರಡು ಸೀದಾಕ್ಕೆ ಮುಗಿಸಬೇಕು. ಮಗುಚಿದ ಸಾಲು ಎರಡು ಉಲ್ಟಾದಿಂದ ಆರಂಭವಾಗಿ ಎರಡು ಉಲ್ಟಾಕ್ಕೇ ಮುಗಿಯುತ್ತದೆ. ನಾಲ್ಕರ ಮಗ್ಗಿಯ ಮೇಲೆ ಎರಡು ಹೆಚ್ಚಿಟ್ಟಿರುವುದು ಬದಿ ಹೊಲಿದಾಗ ಗೆರೆಗಳು ಕೂಡಿಕೊಳ್ಳಲೆಂದು. ಹೀಗೆ ಹೆಣೆದ ಪಟ್ಟಿ ತನ್ನಷ್ಟಕ್ಕೆ ಮುದುಡಿರುತ್ತದೆ, ತೊಟ್ಟಾಗ ಹಿಗ್ಗುತ್ತದೆ; ಒಂದೇ ಟೊಪ್ಪಿಗೆ ಹದಿಹರೆಯದ ಹುಡುಗನಿಗೂ ದೊಡ್ಡ ತಲೆಯ ಗಂಡಸಿಗೂ ಆಗುವುದು ಇದರಿಂದಲೇ. ಜಾಳಿಯಂಥ ಸುಂದರ ನಮೂನೆಗಳನ್ನು ಮನೆಯವರಿಗೆ ಹೆಣೆಯುವಾಗ ಬಳಸಿದರಾಯಿತು, ಬಯಲಿನ ಗಾಳಿ ಅವುಗಳ ಕಣ್ಣುಗಳಲ್ಲಿ ನುಗ್ಗಿಬಿಡುತ್ತದೆ.

ಉದ್ದ 24 ಸೆಂಟಿಮೀಟರ್ ಆಗುವವರೆಗೆ ಹೀಗೆಯೇ ಸಾಗಿದ ಮೇಲೆ ನೆತ್ತಿಯ ಕೆಲಸ. ಸೀದಾ ಬದಿಯ ಸಾಲಿನಲ್ಲಿ ಪ್ರತಿ ಜೋಡಿ ಉಲ್ಟಾವನ್ನು ಒಂದಾಗಿ ಹೆಣೆದರೆ 80 ಕುಣಿಕೆ ಉಳಿಯುತ್ತವೆ. ಮುಂದಿನ ಮೂರು ಸಾಲುಗಳನ್ನು ಕುಣಿಕೆ ಕಂಡಂತೆ, ಅಂದರೆ ಸೀದಾ ಕಂಡಲ್ಲಿ ಸೀದಾ, ಉಲ್ಟಾ ಕಂಡಲ್ಲಿ ಉಲ್ಟಾ ಹೆಣೆಯಿರಿ. ಆಮೇಲೆ ಪ್ರತಿ ಜೋಡಿ ಸೀದಾವನ್ನು ಒಂದು ಮಾಡಿದರೆ 53 ಆಗುತ್ತವೆ. ಮತ್ತೆ ಮೂರು ಸಾಲು ಕಂಡಂತೆ. ಬಳಿಕ ಸಾಲಿನುದ್ದಕ್ಕೂ ಎರಡೆರಡನ್ನು ಸೀದಾ ಕೂಡಿಸಿ ಕೊನೆಯದನ್ನು ಒಂಟಿಯಾಗಿ ಹೆಣೆದರೆ 27, ಒಂದು ಸಾಲು ಪೂರ್ತಿ ಉಲ್ಟಾ ಹೆಣೆದು ಇನ್ನೊಮ್ಮೆ ಕೂಡಿಸಿದರೆ 14. ನೂಲನ್ನು ಅರ್ಧ ಮೀಟರ್ ಬಿಟ್ಟು ಕತ್ತರಿಸಿ, ದಬ್ಬಣಕ್ಕೆ ಪೋಣಿಸಿ, ಹದಿನಾಲ್ಕೂ ಕುಣಿಕೆಗಳೊಳಗೆ ಎರಡು ಸಲ ಹಾಯಿಸಿ ಎಳೆದು ಗಂಟು ಹಾಕಿ, ಅದೇ ನೂಲಿನಿಂದ ಬದಿಯನ್ನು ಕೆಳಗಿನವರೆಗೆ ಹೊಲಿಯಬೇಕು. ಕೊನೆಯ 7 ಸೆಂಟಿಮೀಟರ್ ಮಾತ್ರ ಹೊರಬದಿಯಿಂದ ಹೊಲಿದರೆ, ಆ ಭಾಗವನ್ನು ಕಿವಿಯ ಮೇಲೆ ಮಡಚಿದಾಗ ಹೊಲಿಗೆ ಒಳಗೆ ಅಡಗುತ್ತದೆ. ನೂಲಿನ ತುದಿಗಳನ್ನು ಮೂರು ಬೆರಳಿನಷ್ಟಾದರೂ ಒಳಗೆ ನೇಯ್ದು ಮುಚ್ಚಬೇಕು.

ತುರುಬು ಕಟ್ಟುವ ಹೆಂಗಸರಿಗೆ ಈ ಟೊಪ್ಪಿಗೆ ಕೂಡುವುದಿಲ್ಲವೆಂದು ನನಗೆ ತಡವಾಗಿ ಗೊತ್ತಾಯಿತು. ಅವರಿಗಾಗಿ 53 ಕುಣಿಕೆ ಇರುವಾಗಲೇ ಹೆಣಿಗೆ ನಿಲ್ಲಿಸಿ, ಕುಣಿಕೆಗಳನ್ನು ಸಡಿಲವಾಗಿ ಮುಗಿಸಿ, ಅಂಚಿನೊಳಗೆ ಒಂದು ಲಾಡಿ ಹಾಯಿಸಿಬಿಟ್ಟರೆ ಬೇಕೆಂದಾಗ ಬಿಗಿದುಕೊಳ್ಳಬಹುದು. ರುಮಾಲು ಬಿಡಲೊಲ್ಲದ ಮುದುಕರಿಗೆ 150 ಸೆಂಟಿಮೀಟರ್ ಉದ್ದದ ಮಫ್ಲರ್ ಒಳ್ಳೆಯದು. ಅದಕ್ಕೆ ಕುಚ್ಚು ಕಟ್ಟಬಾರದು, ಬೆಂಕಿಗೆ ಬಾಗಿದಾಗ ಮೊದಲು ಹೊತ್ತುವುದೇ ಕುಚ್ಚು.

ಕೈಗವಸು

ಚಿಂದಿ ಆಯುವವರಿಗೂ ಹಮಾಲರಿಗೂ ಬೆರಳು ಮುಚ್ಚಿದರೆ ಕೆಲಸ ಸಾಗದು. 42 ಕುಣಿಕೆ ಏರಿಸಿ, ಅದೇ ಎರಡು ಸೀದಾ ಎರಡು ಉಲ್ಟಾದಲ್ಲಿ 18 ಸೆಂಟಿಮೀಟರ್ ಹೆಣೆದು ಮುಗಿಸಿ, ಉದ್ದಕ್ಕೆ ಮಡಚಿ, ಮಣಿಕಟ್ಟಿನ ಕಡೆಯಿಂದ 10 ಸೆಂಟಿಮೀಟರ್ ಹೊಲಿದು, ಹೆಬ್ಬೆರಳಿಗೆಂದು 5 ಸೆಂಟಿಮೀಟರ್ ತೆರೆದು ಬಿಟ್ಟು, ಉಳಿದದ್ದನ್ನು ಹೊಲಿಯಬೇಕು. ಎಡಬಲದ ಭೇದವಿಲ್ಲದ್ದರಿಂದ ಒಂದು ಕಳೆದರೂ ಇನ್ನೊಂದು ಯಾವ ಕೈಗಾದರೂ ಬರುತ್ತದೆ.

ತಲುಪಿಸುವುದು

ಹೆಣೆದದ್ದನ್ನು ಒಮ್ಮೆ ತಣ್ಣೀರಿನಲ್ಲಿ ಒಗೆದು ನೆರಳಿನಲ್ಲಿ ಒಣಗಿಸಿ ಕೊಡಬೇಕು. ಹೊಸ ನೂಲಿನ ಬಣ್ಣ ಬಿಡುವುದಿದ್ದರೆ ನಮ್ಮ ಬಕೆಟಿನಲ್ಲೇ ಬಿಡಲಿ. 2024ರವರೆಗೆ ನಡೆದ ರಾಷ್ಟ್ರೀಯ ನಗರ ಜೀವನೋಪಾಯ ಅಭಿಯಾನದ ನಿಯಮದಂತೆ ಪ್ರತಿ ಲಕ್ಷ ಜನಸಂಖ್ಯೆಗೆ 100 ಜನ ಉಳಿಯಬಹುದಾದ ಆಶ್ರಯ ಕೇಂದ್ರವನ್ನು ನಗರಗಳು ಒದಗಿಸಬೇಕಿತ್ತು. 2011ರ ಜನಗಣತಿಯಲ್ಲೇ 2 ಲಕ್ಷ ದಾಟಿದ ಬೀದರ್‌ಗೂ, 5 ಲಕ್ಷ ದಾಟಿದ ಕಲಬುರಗಿಗೂ ಈ ಲೆಕ್ಕ ಅನ್ವಯಿಸುತ್ತಿತ್ತು. ಇಂಥ ಕೇಂದ್ರ ಎಲ್ಲಿದೆಯೆಂದು ನಗರಾಡಳಿತದ ಕಚೇರಿಯಲ್ಲಿ ವಿಚಾರಿಸಿ, ಅಲ್ಲಿಯ ಮೇಲ್ವಿಚಾರಕರ ಬಳಿ ಎಷ್ಟು ಗಂಡಸರು, ಎಷ್ಟು ಹೆಂಗಸರು, ಎಷ್ಟು ಮಕ್ಕಳಿದ್ದಾರೆಂದು ಕೇಳಿಕೊಂಡು ಹೆಣಿಗೆ ಆರಂಭಿಸಿದರೆ ಇನ್ನೂ ಒಳ್ಳೆಯದು.

ಬೀದಿಯಲ್ಲಿ ನೇರವಾಗಿ ಕೊಡುವವರು ಮಧ್ಯರಾತ್ರಿಯಲ್ಲಿ ಮಲಗಿದವರನ್ನು ಎಬ್ಬಿಸದೆ, ಅವರು ಊಟ ಮುಗಿಸಿ ಹಾಸಿಗೆ ಹಾಸುವ ಎಂಟು–ಒಂಬತ್ತು ಗಂಟೆಯ ಹೊತ್ತಿಗೆ ಹೋಗಬೇಕು. ಫೋಟೊ ಬೇಡ. ನಾಲ್ಕು ಬಣ್ಣದ ಟೊಪ್ಪಿಗೆಗಳನ್ನು ಮುಂದಿಟ್ಟು, "ಯಾವುದು ಬೇಕು ನೋಡ್ರಿ" ಎಂದು ಕೇಳಿದರೆ ಅವರೇ ತಲೆಗೆ ಹಾಕಿ ನೋಡಿ ಆರಿಸಿಕೊಳ್ಳುತ್ತಾರೆ. ಬಿಗಿಯಾಯಿತೆಂದು ಹಿಂದಿರುಗಿಸಿದ್ದನ್ನು ಮನೆಗೆ ತಂದು, ಬದಿಯ ಹೊಲಿಗೆ ಬಿಚ್ಚಿ, ಆರು ಕುಣಿಕೆಯ ಒಂದು ಪಟ್ಟಿ ಹೆಣೆದು ಸೇರಿಸಿ, ಮಾರನೆಯ ವಾರ ಅದೇ ಕಟ್ಟೆಗೆ ಒಯ್ಯಬಹುದು.