ಒಂದೇ ಒಂದು ಜಾಸ್ತಿ

ಒಂಬತ್ತನೇ ತರಗತಿಗೆ ಸಂಖ್ಯಾ ಪದ್ಧತಿ ಪಾಠ ಮಾಡಿದ ಮೊದಲ ವರ್ಷ, ಬೋರ್ಡ್ ಮೇಲೆ ಒಂದರೊಳಗೊಂದು ಸುತ್ತು ಬರೆದೆ. ನಡುವೆ ಸ್ವಾಭಾವಿಕ ಸಂಖ್ಯೆ, ಅದರ ಸುತ್ತ ಪೂರ್ಣ ಸಂಖ್ಯೆ, ಆಮೇಲೆ ಪೂರ್ಣಾಂಕ, ಆಮೇಲೆ ಭಾಗಲಬ್ಧ, ಅಂದರೆ ಪೂರ್ಣಾಂಕಗಳ ಭಿನ್ನರಾಶಿಯಾಗಿ ಬರೆಯಬಹುದಾದದ್ದು. ಪಕ್ಕದಲ್ಲಿ ಹಾಗೆ ಬರೆಯಲಾಗದ ಅಭಾಗಲಬ್ಧ. ಎಲ್ಲ ಸೇರಿ ವಾಸ್ತವ ಸಂಖ್ಯೆ. ಮಕ್ಕಳು ಉರು ಹೊಡೆದು ಚೆನ್ನಾಗಿಯೇ ಒಪ್ಪಿಸಿದರು.

ಕಿರುಪರೀಕ್ಷೆಯಲ್ಲಿ ಬಣ್ಣ ಬಯಲಾಯಿತು. √9 ಅಭಾಗಲಬ್ಧವಂತೆ, ವರ್ಗಮೂಲದ ಚಿಹ್ನೆ ಇದೆಯಲ್ಲ! 0.333... ಮುಗಿಯುವುದೇ ಇಲ್ಲ, ಹಾಗಾಗಿ ಅದೂ ಅಭಾಗಲಬ್ಧ. 22/7 ಅಂದರೆ ಪೈ, ಪೈ ಅಭಾಗಲಬ್ಧ, ಅಂದಮೇಲೆ 22/7 ಕೂಡ. ಮಕ್ಕಳು ಸಂಖ್ಯೆಯ ವೇಷ ನೋಡಿ ಹೆಸರಿಡುತ್ತಿದ್ದರು. ನಾನು ಕಲಿಸಿದ್ದೂ ಅಷ್ಟೇ ಬಿಡಿ.

ಮುಂದಿನ ವರ್ಷ ಹೆಸರುಗಳನ್ನು ಪಕ್ಕಕ್ಕಿಟ್ಟೆ. ಲೆಕ್ಕ ಎಲ್ಲಿ ಸಿಕ್ಕಿಹಾಕಿಕೊಳ್ಳುತ್ತೆ ಅಂತ ಹುಡುಕಿ ಅಂದೆ. 1, 2, 3 ಮಾತ್ರ ಗೊತ್ತಿದ್ದರೆ 5ರಲ್ಲಿ 5 ಕಳೆದು ಏನು ಬರೆಯುತ್ತೀರಿ? ಸೊನ್ನೆ ಬೇಕಾಯಿತು. 5ರಲ್ಲಿ 8 ಕಳೆಯಿರಿ ಅಂದಾಗ ಹಿಂದಿನ ಬೆಂಚಿನ ಹುಡುಗ, 'ಮೂರು ರೂಪಾಯಿ ಸಾಲ ಸಾರ್' ಅಂದ. ಋಣ ಅಂದರೆ ಸಾಲವೇ ತಾನೆ? ಬ್ರಹ್ಮಗುಪ್ತ ಕ್ರಿ.ಶ. 628ರಲ್ಲಿ ಧನ, ಋಣ ಅಂತಲೇ ನಿಯಮ ಬರೆದದ್ದು. ಮೂರು ರೊಟ್ಟಿ ನಾಲ್ಕು ಜನಕ್ಕೆ ಹಂಚುವಾಗ ಭಿನ್ನರಾಶಿ ಬಂತು. ಇದಿಷ್ಟು ಒಂದೇ ಪಿರಿಯಡ್‌ನಲ್ಲಿ ಆಯಿತು.

22/7ಕ್ಕೆ ಮಾತ್ರ ಸಮಯ ಕೊಟ್ಟೆ. ಭಾಗಾಕಾರ ಮಾಡುತ್ತಾ ಬರೀ ಶೇಷ ಗಮನಿಸಿ ಅಂದೆ. 1, 3, 2, 6, 4, 5, ಮತ್ತೆ 1. 'ಇನ್ನು ಅದೇ ಬರುತ್ತೆ ಸಾರ್' ಅಂದಳು ಒಬ್ಬಳು. ಬರಲೇಬೇಕು. ಏಳರಿಂದ ಭಾಗಿಸಿದರೆ ಉಳಿಯುವ ಶೇಷ ಆರೇ ಬಗೆ, ಏಳನೇ ಸಲಕ್ಕೆ ಹೊಸದು ಎಲ್ಲಿಂದ ತರೋದು? ಹೀಗೆ 3.142857 142857... ಪೈ ಆದರೋ 3.14159... ಮೂರನೇ ದಶಮಾಂಶ ಸ್ಥಾನಕ್ಕೇ ಇಬ್ಬರ ದಾರಿ ಬೇರೆ.

ಆಮೇಲೆ √2. ಎಲ್ಲರ ಕೈಗೂ ಒಂದೊಂದು ಎ4 ಹಾಳೆ ಕೊಟ್ಟೆ, ಝೆರಾಕ್ಸ್ ಅಂಗಡಿಯಲ್ಲಿ ಸಿಗುವಂಥದ್ದು. ಗಿಡ್ಡ ಅಂಚು ಉದ್ದ ಅಂಚಿನ ಮೇಲೆ ಕೂರುವಂತೆ ಓರೆಯಾಗಿ ಮಡಿಸಿದರೆ, ಆ ಮಡಿಕೆ ಒಂದು ಚೌಕದ ಕರ್ಣ. ಅದನ್ನು ಪಕ್ಕದವರ ಹಾಳೆಯ ಉದ್ದ ಅಂಚಿಗೆ ಹಿಡಿಯಿರಿ ಅಂದೆ. ಸರಿಯಾಗಿ ಹೊಂದಿತು. ಅಂದರೆ ಅಗಲದ √2 ಪಟ್ಟು ಉದ್ದ.

ಅಲ್ಲೇ ನನಗೊಂದು ಗುದ್ದು ಬಿತ್ತು. ಸ್ಕೇಲ್ ಇಟ್ಟು ಅಳೆದ ಒಬ್ಬ, 'ಅಗಲ 210 ಮಿ.ಮೀ., ಉದ್ದ 297. ಹಾಗಾದ್ರೆ √2 ಅಂದ್ರೆ 297/210 ಅಲ್ವಾ ಸಾರ್? ಭಾಗಲಬ್ಧ ಆಯ್ತಲ್ಲ!' ಅಂದ.

ಸುಮ್ನೆ ತಳ್ಳಿಹಾಕುವ ಹಾಗಿರಲಿಲ್ಲ. ಸಂಕ್ಷೇಪಿಸಿದರೆ 99/70. ವರ್ಗ ಮಾಡಿಸಿದೆ. 99ರ ವರ್ಗ 9801. 70ರ ವರ್ಗ 4900, ಅದರ ಎರಡರಷ್ಟು 9800. ಒಂದೇ ಒಂದು ಜಾಸ್ತಿ! ಈ ಒಂದನ್ನು ಹೋಗಲಾಡಿಸುವ ಭಿನ್ನರಾಶಿ ಹುಡುಕಿ ತನ್ನಿ ಅಂತ ಮನೆಗೆ ಕಳಿಸಿದೆ. ಮಾರನೇ ದಿನ 7/5 ಬಂತು, 17/12 ಬಂತು, 41/29 ಬಂತು. 49ಕ್ಕೆ 50, 289ಕ್ಕೆ 288, 1681ಕ್ಕೆ 1682. ಒಂದು ಕಮ್ಮಿ, ಇಲ್ಲ ಒಂದು ಜಾಸ್ತಿ.

ಅದು ಯಾಕೆ ಸಿಗೋದೇ ಇಲ್ಲ ಅನ್ನುವ ಸಾಧನೆ ಹತ್ತನೇ ತರಗತಿಯದ್ದು. ಆದರೂ ಅವತ್ತೇ ಹೇಳಿಬಿಟ್ಟೆ: ಸಿಕ್ಕಿದೆ ಅಂದುಕೊಂಡರೆ, ಎಷ್ಟು ಸಂಕ್ಷೇಪಿಸಿದರೂ ಮೇಲೆ ಕೆಳಗೆ ಎರಡೂ ಸಮಸಂಖ್ಯೆಯಾಗಿಯೇ ಉಳಿಯುತ್ತವೆ. ಹಾಗಿರೋಕೆ ಸಾಧ್ಯವಾ? ಒಂದು ರಾತ್ರಿ ಹುಡುಕಿ ಸೋತವರಿಗೆ ಅದು ಬೇಗ ಹಿಡಿಯಿತು.

ಸಾಲದ ಹುಡುಗ ಕೊನೆಗೆ, 'ಋಣ ಸಂಖ್ಯೆಗೆ ವರ್ಗಮೂಲ ಇದೆಯಾ?' ಅಂದ. ಇಲ್ಲ ಅಂತ ನಮ್ಮ ಅಮೋಘವರ್ಷ ನೃಪತುಂಗನ ಕಾಲದ ಮಹಾವೀರಾಚಾರ್ಯರು ಒಂಬತ್ತನೇ ಶತಮಾನದಲ್ಲೇ ಹೇಳಿದ್ದಾರೆ ಕಣೋ ಅಂದೆ.

'ಲೆಕ್ಕ ಸಿಕ್ಕಿಹಾಕಿಕೊಂಡ್ರೆ ಹೊಸ ಸಂಖ್ಯೆ ಮಾಡ್ಕೋಬಹುದಲ್ಲ ಸಾರ್?'

'ಮಾಡ್ಕೊಂಡಿದ್ದಾರೆ. ಪಿಯುಸಿಗೆ ಹೋಗು, ಸಿಗುತ್ತೆ.'